ಡೆರೋಜಿಯೊ ಯಾವೂರವನು?

ಮುಂಬಯಿಯಲ್ಲಿ ಹುಟ್ಟಿ ಬೆಳೆದ ಕನ್ನಡಿಗರಾದ ನಮಗೆ ‘ನಿಮ್ಮ ಊರು ಯಾವುದು’ ಎಂಬ ಪ್ರಶ್ನೆ ಹೊಸದಲ್ಲ. ಅಪ್ಪನ ಊರಿನ ಹೆಸರು ಹೇಳಿ ಪಾರಾಗ್ತೇವೆ. ಹೆನ್ರಿ ಲೂಯಿ ವಿವಿಯನ್ ಡೆರೋಜಿಯೊಗೆ ಅಷ್ಟು ಸುಲಭವಿರಲಿಲ್ಲ. ಅದಕ್ಕೇ ಅವನ ಬಗ್ಗೆ ಬರೆಯಬೇಕೆನಿಸಿತು.

ಹುಟ್ಟಿದ್ದು 1809ರಲ್ಲಿ, ಕಲ್ಕತ್ತೆಯಲ್ಲಿ. ತಂದೆಯ ಕಡೆ ಪೋರ್ಚುಗೀಸ್ ಮತ್ತು ಭಾರತೀಯ ರಕ್ತ; ತಾಯಿ ಇಂಗ್ಲಿಷಿನವಳು. ಅಜ್ಜ ಮೈಕೆಲನ ಕಥೆ ಕೇಳಿ. 1789ರ ಚರ್ಚಿನ ದಾಖಲೆಯಲ್ಲಿ ಅವನು ದೇಶೀಯ ಪ್ರಾಟೆಸ್ಟಂಟ್. 1795ರ ಡೈರೆಕ್ಟರಿಯಲ್ಲಿ ಪೋರ್ಚುಗೀಸ್ ವ್ಯಾಪಾರಿ! ಮನುಷ್ಯ ಅವನೇ, ಬರೆದುಕೊಂಡ ಪುಸ್ತಕ ಬೇರೆ.

ಇದು ಬರೀ ತಮಾಷೆಯಲ್ಲ, ಹೊಟ್ಟೆಪಾಡಿನ ಮಾತು. ಇಂಥ ಮಿಶ್ರ ಸಂತಾನದವರಿಗೆ ಕಂಪನಿ ಸರಕಾರ 1791ರಲ್ಲೇ ತನ್ನ ದೊಡ್ಡ ನೌಕರಿಗಳ ಬಾಗಿಲು ಮುಚ್ಚಿತ್ತು. 1795ರಿಂದ ಸೈನ್ಯದಲ್ಲಿ ಅವರಿಗೆ ಉಳಿದದ್ದು ಡೋಲು ಬಾರಿಸುವುದು, ಬ್ಯಾಂಡು ಊದುವುದು, ಕುದುರೆಗೆ ಲಾಳ ಹೊಡೆಯುವುದು, ಅಷ್ಟೇ.

ಹುಡುಗ ಡ್ರಮಂಡ್ ಎಂಬ ಸ್ಕಾಟ್ ಮೇಷ್ಟರ ಶಾಲೆಯಲ್ಲಿ ಕಲಿತ. ಅಲ್ಲಿ ಬಿಳಿಯರ, ಬಂಗಾಳಿಗಳ, ಮಿಶ್ರರ ಮಕ್ಕಳೆಲ್ಲ ಒಟ್ಟಿಗೇ ಓದುತ್ತಿದ್ದರು. ಆಮೇಲೆ ಸ್ವಲ್ಪ ದಿನ ಗುಮಾಸ್ತಗಿರಿ. ಅದು ಹಿಡಿಸದೆ ಭಾಗಲಪುರದ ನೀಲಿ ತೋಟ. ಗಂಗೆಯ ದಡದಲ್ಲಿ ಕವಿಯಾದ. ಬರೆದದ್ದು ಇಂಗ್ಲಿಷಿನಲ್ಲೇ, ಆದರೆ ತನ್ನ ದೇಶ ಅಂತ ಕರೆದದ್ದು ಇಂಡಿಯಾವನ್ನು. ಹಾಗೆ ಕರೆ ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇಪ್ಪತ್ತು ತುಂಬುವ ಮೊದಲೇ ಹಿಂದೂ ಕಾಲೇಜಿನ ಮೇಷ್ಟರಾದ. ಶಿಷ್ಯರಿಗೂ ಅವನಿಗೂ ವಯಸ್ಸಿನಲ್ಲಿ ಹೆಚ್ಚು ಅಂತರವಿಲ್ಲ. ಯಾವುದನ್ನೂ ಪ್ರಶ್ನಿಸದೆ ಒಪ್ಪಬೇಡಿ ಎಂಬುದೇ ಪಾಠ. ಕೃಷ್ಣಮೋಹನ ಬ್ಯಾನರ್ಜಿ, ರಾಮಗೋಪಾಲ ಘೋಷ್, ರಾಧಾನಾಥ ಸಿಕ್ದಾರ್ ಇವರೆಲ್ಲ ಅವನ ಗುಂಪಿನವರೇ. ಹುಡುಗರು ಮಡಿ-ಮೈಲಿಗೆ ಮುರಿದರು, ಊರು ಕೆಂಡವಾಯಿತು. 1831ರ ಏಪ್ರಿಲಿನಲ್ಲಿ ಮೇಷ್ಟರನ್ನು ಹೊರಗೆ ಹಾಕಿದರು. ಬಿಳಿಯರಿಗೆ ಸಾಕಷ್ಟು ಬಿಳಿಯನಲ್ಲ, ಹಿಂದೂಗಳಿಗೆ ಫಿರಂಗಿ. ಹೋಗುವುದೆಲ್ಲಿಗೆ?

ಅವನು ಪತ್ರಿಕೆ ತೆಗೆದ. ಹೆಸರು ‘ಈಸ್ಟ್ ಇಂಡಿಯನ್’. (ನಮ್ಮ ಬಾಂದ್ರಾ-ವಸಯಿಯ ಈಸ್ಟ್ ಇಂಡಿಯನ್ನರು ಬೇರೆ. ಕಲ್ಕತ್ತೆಯ ಮಿಶ್ರ ಜನ ಆಗ ತಮ್ಮನ್ನು ಹಾಗೆ ಕರೆದುಕೊಳ್ಳುತ್ತಿದ್ದರು.) ಅವರ ಅಹವಾಲು ಹೊತ್ತು ರಿಕೆಟ್ಸ್ ಎಂಬಾತ ಲಂಡನ್ನಿನ ಪಾರ್ಲಿಮೆಂಟಿನವರೆಗೆ ಹೋಗಿ ಬಂದಿದ್ದ ಕಾಲ ಅದು. ದೇಶದ ಕವಿ ಕೊನೆಗೆ ತನ್ನ ಜಾತಿಯ ಗೂಡಿಗೇ ಸೇರಿದ ಅಂತ ಕೆಲವರಿಗೆ ಅನ್ನಿಸಬಹುದು. ನನಗೇನೋ ಹಾಗೆ ಕಾಣುವುದಿಲ್ಲ. ಇಂಡಿಯಾ ತನ್ನದು ಅಂದವನಿಗೆ ಅಲ್ಲಿ ತನ್ನವರಿಗೂ ಒಂದು ಜಾಗ ಬೇಕಲ್ಲ!

ಅದೇ ವರ್ಷ ಡಿಸೆಂಬರ್ 26ರಂದು ಕಾಲರಾ ಅವನನ್ನು ಒಯ್ದಿತು. ವಯಸ್ಸು ಇಪ್ಪತ್ತೆರಡು. ಗೋರಿ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿದೆ, ಕಂಪನಿಯ ದೊರೆಗಳ ನಡುವೆ.