ಹೆರದೆಯೂ ತಾಯಿಯಾದ ಚಾಂದ್‌ಬೀಬಿ



ಚಾಂದ್‌ಬೀಬಿಯ ಹೆಸರು ಕೇಳಿದೊಡನೆ ನಿಮ್ಮ ಕಣ್ಣ ಮುಂದೆ ಯಾವ ಚಿತ್ರ ಬರುತ್ತದೆಂದು ಊಹಿಸಬಲ್ಲೆ. ಕೈಯಲ್ಲಿ ಕತ್ತಿ, ಮುಖದ ಮೇಲೆ ಪರದೆ, ಒಡೆದ ಕೋಟೆಯ ಗೋಡೆಯ ಬಳಿ ನಿಂತ ಹೆಣ್ಣು. ಶಾಲೆಯ ವಾರ್ಷಿಕೋತ್ಸವದ ನಾಟಕಗಳಲ್ಲಿಯೂ ನಾವು ಆಡಿಸುವುದು ಆ ಒಂದು ದೃಶ್ಯವನ್ನೇ. ದೃಶ್ಯವೇನೂ ಸುಳ್ಳಲ್ಲ. ಆದರೆ ಸುಮಾರು ಐವತ್ತು ವರ್ಷಗಳ ಬಾಳಿನಲ್ಲಿ ಅದು ಒಂದು ಸಂಜೆ ಮತ್ತು ಒಂದು ರಾತ್ರಿಯ ಸಂಗತಿ. ಉಳಿದ ದಿನಗಳಲ್ಲಿ ಆಕೆ ಬೇರೆಯವರ ಮಕ್ಕಳನ್ನು ಸಾಕಿದಳು, ಕುದುರೆ ಏರಿದಳು, ಒಬ್ಬರನ್ನೊಬ್ಬರು ಕಂಡರಾಗದ ಸರದಾರರನ್ನು ಒಂದೇ ಕೆಲಸಕ್ಕೆ ಹಚ್ಚಿದಳು. ಈ ದಿನಗಳ ಮಾತನ್ನು ನಿಮ್ಮೊಡನೆ ಆಡಬೇಕೆಂದಿದ್ದೇನೆ.

ಮಸರಕಲ್, ದೇವದುರ್ಗ, ಮಾನ್ವಿ, ರಾಯಚೂರುಗಳಲ್ಲಿ ಕುಳಿತು ಇದನ್ನು ಓದುತ್ತಿರುವ ನಿಮಗೆ ಆಕೆ ಪರದೇಶದವಳಲ್ಲ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ನಮ್ಮ ದೋಆಬಿಗಾಗಿ ವಿಜಯನಗರವೂ ಬಿಜಾಪುರವೂ ತಲೆಮಾರುಗಳ ಕಾಲ ಹೊಡೆದಾಡಿದವು. 1520ರಲ್ಲಿ ಕೃಷ್ಣದೇವರಾಯ ಗೆದ್ದ ರಾಯಚೂರು, 1565ರ ತಾಳಿಕೋಟೆ ಯುದ್ಧದ ನಂತರ ಆದಿಲ್‌ಶಾಹಿಗಳ ವಶವಾಯಿತು. ಆ ಯುದ್ಧಕ್ಕೆ ಮೊದಲು ದಖ್ಖನ್ನಿನ ಸುಲ್ತಾನರು ಒಂದಾಗಬೇಕಿತ್ತು. ಒಂದಾಗಲು ಮದುವೆಗಳು ನಡೆಯಬೇಕಿತ್ತು. ಅಹಮದ್‌ನಗರದ (2024ರಿಂದ ಅಹಿಲ್ಯಾನಗರ) ಹುಸೇನ್ ನಿಜಾಮ್‌ಶಾಹನ ಮಗಳು ಚಾಂದ್‌ಬೀಬಿಯನ್ನು ಬಿಜಾಪುರದ ಅಲಿ ಆದಿಲ್‌ಶಾಹನಿಗೆ ಕೊಟ್ಟದ್ದು ಹೀಗೆ. ಸೋಲಾಪುರದ ಕೋಟೆ ಬಳುವಳಿಯಾಗಿ ಬಂತು. ಆಗ ಆಕೆಯ ವಯಸ್ಸು ಹದಿನಾಲ್ಕರ ಆಸುಪಾಸು. ಅಂದರೆ ನಮ್ಮ ಎಂಟನೆಯ, ಒಂಬತ್ತನೆಯ ತರಗತಿಯ ಹುಡುಗಿ.

ತವರಿನಿಂದ ಆಕೆ ತಂದದ್ದು ಕೋಟೆಯೊಂದನ್ನೇ ಅಲ್ಲ. ತಾಯಿ ಖುಂಜಾ ಹುಮಾಯೂನ್ ಗಂಡ ತೀರಿದ ಮೇಲೆ 1565ರಿಂದ ನಾಲ್ಕು ವರ್ಷಗಳಷ್ಟು ಕಾಲ ಮಗನ ಪರವಾಗಿ ರಾಜ್ಯ ನಡೆಸಿದಳು. ಕೊನೆಗೆ ಅದೇ ಮಗ ಆಕೆಯನ್ನು ಸೆರೆಯಲ್ಲಿಟ್ಟ. ಹೆಣ್ಣು ರಾಜ್ಯಭಾರ ಮಾಡಬಲ್ಲಳು ಎಂಬುದನ್ನೂ, ಅದಕ್ಕೆ ತೆರಬೇಕಾದ ಬೆಲೆಯನ್ನೂ ಮಗಳು ತಾಯಿಯ ಬಾಳಿನಲ್ಲೇ ಕಂಡಿರಬೇಕು.

ಬಿಜಾಪುರದಲ್ಲಿ ಚಾಂದ್‌ಬೀಬಿ ಗಂಡನ ಜೊತೆ ಕುದುರೆಯ ಮೇಲೆ ಬೇಟೆಗೂ ದಂಡಯಾತ್ರೆಗೂ ಹೋಗುತ್ತಿದ್ದಳು. ಗಿಡುಗವನ್ನು ಕೈಯ ಮೇಲೆ ಕೂರಿಸಿಕೊಂಡು ಓಡುವ ಕುದುರೆಯಿಂದ ಬಿಡುವುದು ಆ ಕಾಲದ ದೊಡ್ಡ ಆಟ. ಮೈ ಹಗುರವಿರಬೇಕು, ತೋಳು ಅಲುಗಬಾರದು, ಕುದುರೆಯನ್ನು ಮೊಣಕಾಲಿನಲ್ಲೇ ಹಿಡಿತಕ್ಕೆ ತರಬೇಕು. ಆಕೆ ಗಿಡುಗ ಹಿಡಿದು ಕುದುರೆ ಓಡಿಸುವ ದಖ್ಖನಿ ಚಿತ್ರಗಳು ಹಲವಿವೆ. ಅವುಗಳಲ್ಲಿ ಹೆಚ್ಚಿನವು ಆಕೆ ಸತ್ತು ನೂರು ವರ್ಷಗಳಾದ ಮೇಲೆ ಬರೆದವು, ಆದ್ದರಿಂದ ಆ ಮುಖ ಚಿತ್ರಕಾರನ ಕಲ್ಪನೆ. ಆದರೆ ನೂರು ವರ್ಷಗಳ ನಂತರವೂ ಜನ ಆಕೆಯನ್ನು ನೆನೆದದ್ದು ಸಿಂಹಾಸನದ ಮೇಲಲ್ಲ, ಕುದುರೆಯ ಮೇಲೆ ಎಂಬುದನ್ನು ಗಮನಿಸಿ. ಅರಬ್ಬಿ, ಫಾರಸಿ, ತುರ್ಕಿಗಳ ಜೊತೆಗೆ ಮರಾಠಿ, ಕನ್ನಡಗಳೂ ಆಕೆಗೆ ಬರುತ್ತಿದ್ದವೆಂದೂ, ಸಿತಾರ್ ನುಡಿಸುತ್ತಿದ್ದಳೆಂದೂ ಹೇಳುತ್ತಾರೆ. ಓದು ಮತ್ತು ಮೈದಾನ ಎರಡೂ ಹೆಣ್ಣುಮಕ್ಕಳಿಗೆ ಹೊಸ ಕಾಲದ ಗೀಳು ಎನ್ನುವ ಪಾಲಕರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರಿಗೆ ನಾಲ್ಕೂವರೆ ನೂರು ವರ್ಷ ಹಿಂದಿನ ಈ ಸುದ್ದಿಯನ್ನು ನೀವೇ ತಲುಪಿಸಬೇಕು.

1580ರಲ್ಲಿ ಅಲಿ ಆದಿಲ್‌ಶಾಹನ ಕೊಲೆಯಾಯಿತು. ಗಂಡು ಸಂತಾನವಿರಲಿಲ್ಲ. ತಮ್ಮ ತಹಮಾಸ್ಪನ ಮಗ, ಒಂಬತ್ತು ವರ್ಷದ ಇಬ್ರಾಹೀಮನಿಗೆ ಪಟ್ಟವಾಯಿತು. ಹುಡುಗನ ಪಾಲನೆ ಮತ್ತು ವಿದ್ಯಾಭ್ಯಾಸ ಚಾಂದ್‌ಬೀಬಿಯ ಕೈಗೆ ಬಂತು. ಹೆರದ ಮಗು ಮಡಿಲಿಗೆ ಬಂದಾಗ ಆಕೆಗೆ ಮೂವತ್ತು ವರ್ಷ.

ಇಲ್ಲಿ ಆಕೆಯ ತಪ್ಪುಗಳನ್ನೂ ಹೇಳಬೇಕು. ನಮ್ಮ ಪುಸ್ತಕಗಳು ಅವನ್ನು ಮುಚ್ಚಿಡುತ್ತವೆ. ಆಡಳಿತ ಹಿಡಿದ ಕಾಮಿಲ್ ಖಾನ್ ಎರಡು ತಿಂಗಳಲ್ಲೇ ಆಕೆಯನ್ನು ಲೆಕ್ಕಿಸದಂತಾದ. ಅವನನ್ನು ಇಳಿಸಲು ಆಕೆ ಹಾಜಿ ಕಿಶ್ವರ್ ಖಾನನನ್ನು ಎತ್ತಿಕಟ್ಟಿದಳು. ಆಯ್ಕೆ ಕೆಟ್ಟದ್ದಾಗಿತ್ತು. ಅಧಿಕಾರ ಸಿಕ್ಕ ಮೇಲೆ ಅವನು ಹಿರಿಯ ಸರದಾರ ಮುಸ್ತಫಾ ಖಾನನನ್ನು ಕೊಲ್ಲಿಸಿದ. ಚಾಂದ್‌ಬೀಬಿ ಅಹಮದ್‌ನಗರದ ಸಹೋದರನ ಜೊತೆ ಒಳಸಂಚು ನಡೆಸಿದ್ದಾಳೆಂದು ಆರೋಪ ಹೊರಿಸಿ, ಆಕೆಯನ್ನು ಸಾತಾರಾ ಕೋಟೆಯಲ್ಲಿ ಸೆರೆಗೆ ಹಾಕಿದ. ತಾಯಿಯ ಗತಿಯೇ ಮಗಳಿಗೂ ಬಂತು. ಆದರೆ ನಗರದ ಜನರೂ ಸರದಾರರೂ ಇದನ್ನು ಸಹಿಸಲಿಲ್ಲ. ಕಿಶ್ವರ್ ಖಾನ್ ಓಡಿಹೋದ, ಆಕೆ ಬಿಡುಗಡೆಯಾಗಿ ಬಂದಳು.

ಬಂದ ಮೇಲೆ ಏನು ಮಾಡಿದಳು ಎಂಬುದೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಆಗ ಬಿಜಾಪುರದ ಆಡಳಿತ ಇಖ್ಲಾಸ್ ಖಾನ್ ಮೊದಲಾದ ಹಬಶಿ ಸರದಾರರ ಕೈಯಲ್ಲಿತ್ತು. ದಖ್ಖನಿಗಳಿಗೂ ಅವರಿಗೂ ಆಗಿಬರುತ್ತಿರಲಿಲ್ಲ. ಪರದೇಶಿಗಳೆನಿಸಿದ ಇರಾನಿ ಮೂಲದವರಿಗೆ ಇಬ್ಬರನ್ನೂ ಕಂಡರಾಗದು. ಇದೇ ಹೊತ್ತು ನೋಡಿ ಅಹಮದ್‌ನಗರ ಮತ್ತು ಗೋಲ್ಕೊಂಡದ ಸೇನೆಗಳು ಬಂದು ಬಿಜಾಪುರವನ್ನು ಮುತ್ತಿದವು. ಮುತ್ತಿದವರಲ್ಲಿ ತವರಿನವರೂ ಇದ್ದರೆಂಬುದನ್ನು ಮರೆಯಬೇಡಿ. ಊರೊಳಗೆ ಮೊದಲಿಗೆ ಇದ್ದ ಪಡೆ ಎರಡು ಮೂರು ಸಾವಿರ ಮಾತ್ರ. ಮಳೆಗೆ ಗೋಡೆಯ ಒಂದು ಭಾಗ ಕುಸಿದು ಬಿತ್ತು. ಆಗ ಆಕೆ ಸ್ವತಃ ಮಳೆಯಲ್ಲಿ ನಿಂತು ದುರಸ್ತಿ ಮಾಡಿಸಿದಳೆಂದು ಬರೆದಿದ್ದಾರೆ. ಅದಕ್ಕಿಂತ ಕಷ್ಟದ ದುರಸ್ತಿ ಇನ್ನೊಂದಿತ್ತು. ಹಬಶಿ ಸರದಾರರು ತಮ್ಮಿಂದಲೇ ಒಡಕು ಎಂದು ಅರಿತು ಅಧಿಕಾರ ಬಿಟ್ಟುಕೊಡಲು ಮುಂದೆ ಬಂದರು. ಆಕೆ ಹಳೆಯ ಲೆಕ್ಕ ತೀರಿಸಲು ಹೋಗಲಿಲ್ಲ. ಎಲ್ಲರೂ ಒಪ್ಪುವಂಥ ಸೈಯದ್ ಅಬುಲ್ ಹಸನ್‌ನನ್ನು ಮುಂದಿಟ್ಟಳು. ಅವನು ದೂರವಾಗಿದ್ದ ಬರ್ಗಿ ಸವಾರರನ್ನು ಮರಳಿ ಕರೆಸಿದ. ಅವರು ಮುತ್ತಿಗೆ ಹಾಕಿದವರ ಕಾಳುಕಡಿ ಬರುವ ದಾರಿಗಳನ್ನೇ ಕಡಿದರು. ಸುಮಾರು ಒಂದು ವರ್ಷದ ಮುತ್ತಿಗೆಯ ನಂತರ ಶತ್ರುಗಳು ಬರಿಗೈಯಲ್ಲಿ ಹಿಂದಿರುಗಿದರು.

ಆಫೀಸಿನಲ್ಲಿ, ಶಾಲೆಯಲ್ಲಿ, ನಮ್ಮಂಥ ಸಂಘಗಳಲ್ಲಿ ಕೆಲಸ ಮಾಡಿದವರಿಗೆ ಇದರ ಕಷ್ಟ ಗೊತ್ತು. ನನ್ನ ಜನ, ನಿನ್ನ ಜನ ಎಂದು ಕೂತವರನ್ನು ಎಬ್ಬಿಸಿ ಒಂದೇ ಗೋಡೆ ಕಟ್ಟಿಸುವುದು ಕತ್ತಿ ಹಿಡಿಯುವುದಕ್ಕಿಂತ ದೊಡ್ಡ ಕೆಲಸ.

ಆದರೂ ಆ ಶಾಂತಿ ಬಾಳಲಿಲ್ಲ. ದಿಲಾವರ್ ಖಾನ್ 1582ರ ಹೊತ್ತಿಗೆ ಅಧಿಕಾರ ಕಸಿದುಕೊಂಡು ಎಂಟು ವರ್ಷ ನಡೆಸಿದ. ಇಬ್ರಾಹೀಮನ ತಂಗಿಯನ್ನು ಅಹಮದ್‌ನಗರದ ರಾಜಕುಮಾರನಿಗೆ ಕೊಟ್ಟಾಗ, 1584ರಲ್ಲಿ, ಚಾಂದ್‌ಬೀಬಿ ಹುಡುಗಿಯ ಜೊತೆ ತವರಿಗೆ ಹೋದಳು. ಆದರೆ ಆಕೆ ಸಾಕಿದ ಹುಡುಗ ಬೆಳೆದು ಆದ ಇಬ್ರಾಹೀಮ್ ನಿಮಗೆಲ್ಲ ಪರಿಚಿತ: ದಖ್ಖನಿಯಲ್ಲಿ ಕಿತಾಬ್-ಎ-ನವ್ರಸ್ ಬರೆದವನು, ಜನ ಜಗದ್ಗುರು ಎಂದು ಕರೆದವನು, 1627ರವರೆಗೆ ಆಳಿದವನು. ಸಂಗೀತದ ಹುಚ್ಚು ಅವನಿಗೆ ಯಾರ ಸಿತಾರಿನಿಂದ ಹತ್ತಿತೋ, ನೀವೇ ಊಹಿಸಿ.

ಅಹಮದ್‌ನಗರದಲ್ಲಿ ಎರಡನೆಯ ಮಗು ಕಾದಿತ್ತು. 1595ರಲ್ಲಿ ಅಲ್ಲಿನ ಸುಲ್ತಾನ ಯುದ್ಧದಲ್ಲಿ ಸತ್ತ. ಗದ್ದುಗೆಗೆ ಬೇರೆ ಬೇರೆ ಪಂಗಡಗಳು ಬೇರೆ ಬೇರೆ ಹುಡುಗರನ್ನು ನಿಲ್ಲಿಸಿದವು. ಚಾಂದ್‌ಬೀಬಿ ಸತ್ತ ಸುಲ್ತಾನನ ಹಸುಗೂಸು ಬಹಾದೂರನ ಪರ ನಿಂತಳು. ಒಂದು ಪಂಗಡ ಅಕ್ಬರನ ಮಗ ಮುರಾದನನ್ನು ಸಹಾಯಕ್ಕೆ ಕರೆಯಿತು. ಕರೆದವರಿಗೆ ತಪ್ಪು ತಿಳಿಯುವ ಮೊದಲೇ ಮೊಘಲ್ ಸೇನೆ ಡಿಸೆಂಬರಿನಲ್ಲಿ ಕೋಟೆಯ ಮುಂದಿತ್ತು.

ಮೊಘಲರು ಗೋಡೆಯ ಕೆಳಗೆ ಸುರಂಗ ಕೊರೆದು ಮದ್ದು ತುಂಬಿದರು. ಸುಳಿವು ಸಿಕ್ಕಿ ಒಳಗಿನವರು ಎರಡನ್ನು ಬರಿದು ಮಾಡಿದರು. ಮೂರನೆಯದನ್ನು ಬರಿದು ಮಾಡುತ್ತಿದ್ದಾಗಲೇ ಅದು ಸಿಡಿದು ಹತ್ತಾರು ಗಜ ಗೋಡೆ ಹಾರಿಹೋಯಿತು. ಕಾವಲಿನವರು ಹಿಂಜರಿದರು. ಆಗ ಬಂತು ನಾಟಕದ ಆ ದೃಶ್ಯ. ಆಕೆ ಕವಚ ತೊಟ್ಟು, ಮುಖಕ್ಕೆ ಪರದೆ ಹಾಕಿ, ಕತ್ತಿ ಹಿರಿದು ಬಿರುಕಿನಲ್ಲಿ ನಿಂತಳು. ಓಡುತ್ತಿದ್ದವರು ನಾಚಿ ತಿರುಗಿದರು. ಇರುಳಾಗುವವರೆಗೆ ಕಾದಾಟ ನಡೆಯಿತು. ಗುಂಡು ತೀರಿದಾಗ ತಾಮ್ರದ, ಬೆಳ್ಳಿಯ, ಕೊನೆಗೆ ಚಿನ್ನದ ನಾಣ್ಯಗಳನ್ನೇ ತೋಪಿಗೆ ತುಂಬಿದಳೆಂಬುದು ಕಥೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ರಾತ್ರಿಯಿಡೀ ಆಕೆ ಅಲ್ಲೇ ಇದ್ದಳು. ಬೆಳಗಾಗುವಷ್ಟರಲ್ಲಿ ಗೋಡೆ ಮತ್ತೆ ಎದ್ದಿತ್ತು. ಅಂದಿನಿಂದ ಚಾಂದ್‌ಬೀಬಿ ಜನರ ಬಾಯಲ್ಲಿ ಚಾಂದ್ ಸುಲ್ತಾನ್ ಆದಳು.

ಅತ್ತ ಬಿಜಾಪುರದಿಂದ ಸುಹೈಲ್ ಖಾನನ ಕೈಕೆಳಗೆ ಇಪ್ಪತ್ತೈದು ಸಾವಿರ ಕುದುರೆ ಹೊರಟಿತ್ತು. ಕಳಿಸಿದವನು ಇಬ್ರಾಹೀಮ್. ಹದಿನೈದು ವರ್ಷ ಹಿಂದೆ ಆಕೆ ಯಾರ ನಗರವನ್ನು ಕಾಪಾಡಿದ್ದಳೋ ಆ ಹುಡುಗ. ಆ ಸೇನೆ ಬರುವ ಸುದ್ದಿಗೂ ಮುರಾದ್ ಬೆದರಿದ. 1596ರಲ್ಲಿ ಒಪ್ಪಂದವಾಯಿತು, ಬೀರಾರ್ ಪ್ರಾಂತ್ಯ ಹೋಯಿತು, ಬಹಾದೂರನ ಗದ್ದುಗೆ ಉಳಿಯಿತು.

ನಾಲ್ಕು ವರ್ಷಗಳ ಮೇಲೆ ಮೊಘಲರು ಮತ್ತೆ ಬಂದರು, ಈ ಸಲ ರಾಜಕುಮಾರ ದಾನಿಯಾಲ್. ಆಕೆ ತಾನೇ ಮುಂದೆ ತಂದ ಅಧಿಕಾರಿಗಳು ಒಬ್ಬರಾದ ಮೇಲೆ ಒಬ್ಬರು ಕೈಕೊಟ್ಟಿದ್ದರು. ಈ ಸಲ ಕೋಟೆ ನಿಲ್ಲುವುದಿಲ್ಲವೆಂದು ಆಕೆಗೆ ಕಂಡಿತು. ಕೋಟೆ ಬಿಟ್ಟುಕೊಟ್ಟು ಬಾಲಕನ ಪ್ರಾಣ ಉಳಿಸಿ ಹೊರನಡೆಯೋಣವೆಂದು ಯೋಚಿಸಿದಳು. ಯಾರ ಬಳಿ ಈ ಮಾತು ಆಡಿದಳೋ ಆ ಅಧಿಕಾರಿಯೇ ಬೀದಿಗಿಳಿದು, ರಾಣಿ ಶತ್ರುವಿಗೆ ಮಾರಿಕೊಂಡಳೆಂದು ಕೂಗಿದ. ಸೈನಿಕರ ಗುಂಪು ಅರಮನೆಗೆ ನುಗ್ಗಿ ಆಕೆಯನ್ನು ಕೊಂದಿತು. ಇದು 1600ರಲ್ಲಿ. ಕೆಲವೇ ದಿನಗಳಲ್ಲಿ ಕೋಟೆ ಬಿತ್ತು. ಬಹಾದೂರನನ್ನು ಗ್ವಾಲಿಯರ್ ಕೋಟೆಯ ಸೆರೆಗೆ ಒಯ್ದರು. ಆಕೆ ಹೇಳಿದಂತೆ ಕೇಳಿದ್ದರೆ ಆ ಮಗುವಿನ ಪಾಡು ಬೇರೆಯಾಗುತ್ತಿತ್ತೋ ಏನೋ.

ಅಹಮದ್‌ನಗರದ ಹತ್ತಿರದ ಗುಡ್ಡದ ಮೇಲೆ ಚಾಂದ್‌ಬೀಬಿ ಮಹಲ್ ಎಂದು ಜನ ತೋರಿಸುವ ಕಟ್ಟಡ ನಿಜವಾಗಿ ಸಲಾಬತ್ ಖಾನನ ಗೋರಿ. ಆಕೆಯ ಹೆಸರಿನ ನಿಜವಾದ ಗುರುತು ನಮಗೆ ಹತ್ತಿರದಲ್ಲೇ, ವಿಜಯಪುರದಲ್ಲಿದೆ. ಗೋಲ್‌ಗುಂಬಜ್ ಕಟ್ಟಿರುವುದು ಆಕೆ ಸಾಕಿದ ಇಬ್ರಾಹೀಮನ ಮಗ ಮುಹಮ್ಮದನಿಗಾಗಿ. ಶಾಲೆಯ ಪ್ರವಾಸದಲ್ಲಿ ಅದನ್ನು ನೋಡಿ ಮುಗಿಸಿದ ಮೇಲೆ ಬಸ್ಸು ಹತ್ತುವ ಮೊದಲು ಶಾಹಪುರ ಬಾಗಿಲಿನ ಕಡೆಗೂ ಹೋಗಿ ಬನ್ನಿ. ಅಲಿ ಆದಿಲ್‌ಶಾಹ 1579ರಲ್ಲಿ ತನ್ನ ಬೇಗಂ ಹೆಸರಿನಲ್ಲಿ ಊರಿನ ಜನಕ್ಕೆ ನೀರಿಗೆಂದು ತೋಡಿಸಿದ ಚಾಂದ್ ಬಾವಡಿ ಅಲ್ಲಿದೆ.