ಲಿಪ್ಪೆಯ ಪೌಲೀನೆ ರಾಣಿ

ನೆಪೋಲಿಯನ್ ಚಕ್ರವರ್ತಿಯ ಹೆಸರನ್ನು ಕೇಳದ ವಿದ್ಯಾರ್ಥಿನಿಯು ನಮ್ಮ ಶಾಲೆಯಲ್ಲಿ ಇರಲಾರಳು. ಆತನ ಪ್ರತಾಪವೆಂಬ ಬಿರುಗಾಳಿಯಲ್ಲಿ ತನ್ನ ಪುಟ್ಟ ಸಂಸ್ಥಾನವು ಹಾರಿಹೋಗದಂತೆ ಕಾಪಾಡಿದ ಒಬ್ಬ ವಿಧವೆಯ ಹೆಸರು ಜರ್ಮನಿಯಲ್ಲಿ ಪ್ರಖ್ಯಾತವಾಗಿದ್ದರೂ ನಮ್ಮಲ್ಲಿ ಅಷ್ಟಾಗಿ ಬಳಕೆಯಲ್ಲಿಲ್ಲ. ಹೆಣ್ಣುಮಕ್ಕಳ ವಿದ್ಯೆಗಾಗಿ ದುಡಿಯುವ ನಾವು ಅರಿತಿರಬೇಕಾದ ಚರಿತ್ರೆಯಿದು.

ಪೌಲೀನೆಯು 1769ನೆಯ ಇಸವಿ ಫೆಬ್ರವರಿ 23ರಂದು ಬಾಲೆನ್‌ಸ್ಟೆಟ್ ಎಂಬ ಊರಿನಲ್ಲಿ ಆನ್‌ಹಾಲ್ಟ್-ಬೆರ್ನ್‌ಬುರ್ಗ್ ಸಂಸ್ಥಾನದ ಅರಸನ ಮಗಳಾಗಿ ಜನಿಸಿದಳು. ಹೆತ್ತ ತಾಯಿಯು ಕೆಲವೇ ದಿವಸಗಳಲ್ಲಿ ತೀರಿಕೊಂಡಳು. ತಂದೆಯು ಮಗನಿಗೆ ಕೊಡಿಸಿದ ವಿದ್ಯೆಯನ್ನೇ ಮಗಳಿಗೂ ಕೊಡಿಸಿದನು. ಫ್ರೆಂಚ್, ಲ್ಯಾಟಿನ್, ಚರಿತ್ರೆ, ರಾಜ್ಯಶಾಸ್ತ್ರ ಇವೆಲ್ಲವನ್ನೂ ಅವಳು ಅಣ್ಣನಂತೆ ಕಲಿತಳು. ಹದಿಮೂರರ ಪ್ರಾಯದಿಂದ ತಂದೆಗೆ ರಾಜಕಾರ್ಯಗಳಲ್ಲಿ ನೆರವಾಗಿ, ಮೊದಲು ಫ್ರೆಂಚ್ ಪತ್ರವ್ಯವಹಾರವನ್ನೂ ಕ್ರಮೇಣ ಇತರ ಕಾಗದಪತ್ರಗಳನ್ನೂ ನೋಡಿಕೊಳ್ಳುತ್ತಿದ್ದಳು. ಅಂದು ರಾಜಪುತ್ರಿಯರಿಗೆ ಸಂಗೀತ, ನೃತ್ಯ, ಕಸೂತಿಗಳೇ ಸಾಕೆಂದು ಎಣಿಸುತ್ತಿದ್ದ ಕಾಲ.

1796ರ ಜನವರಿ 2ರಂದು ಲಿಪ್ಪೆಯ ಅರಸನಾದ ಒಂದನೆಯ ಲೆಯೋಪೋಲ್ಡನೊಡನೆ ಆಕೆಯ ವಿವಾಹವಾಯಿತು. ಲಿಪ್ಪೆಯು ಸುಮಾರು 70,000 ಪ್ರಜೆಗಳಿದ್ದ ಚಿಕ್ಕ ಸಂಸ್ಥಾನ. ಡೆಟ್‌ಮೋಲ್ಡ್ ಅದರ ರಾಜಧಾನಿ. ಅರಸನು ಮೊದಲಿನಿಂದಲೂ ರೋಗಿಷ್ಠನು. 1802ರ ಏಪ್ರಿಲಿನಲ್ಲಿ ಅವನು ಮೃತನಾದಾಗ ಹಿರಿಯ ಮಗನಿಗೆ ಐದು ವರ್ಷ, ಕಿರಿಯವನಿಗೆ ನಾಲ್ಕು. ಸ್ತ್ರೀಯು ರಾಜ್ಯವಾಳುವುದು ಸಂಸ್ಥಾನದ ಪ್ರಮುಖರಿಗೆ ಹಿಡಿಸಲಿಲ್ಲ. ಆದರೂ ವಿವಾಹದ ಒಪ್ಪಂದದಲ್ಲಿಯೇ ಆ ಹಕ್ಕು ಬರೆಯಲ್ಪಟ್ಟಿದ್ದುದರಿಂದ, ಮೇ 18ರಂದು ಪೌಲೀನೆಯು ಮಗನ ಪರವಾಗಿ ಆಳ್ವಿಕೆಯನ್ನು ಕೈಕೊಂಡಳು.

ಆಕೆಯ ಹೆಸರು ಇಂದಿಗೂ ಉಳಿದಿರುವುದು ಅದೇ ವರ್ಷ ಮಾಡಿದ ಒಂದು ಕೆಲಸದಿಂದ. ಸುಗ್ಗಿಯ ಕಾಲದಲ್ಲಿ ಬಡ ತಾಯಂದಿರು ಹೊಲಗಳಿಗೆ ಹೋದಾಗ ಅವರ ಹಸುಮಕ್ಕಳನ್ನು ನೋಡುವವರಿಲ್ಲದೆ, ಬೆಂಕಿಗೆ ನೀರಿಗೆ ಸಿಕ್ಕುವ ಭಯವಿತ್ತು. ಪ್ಯಾರಿಸಿನಲ್ಲಿ ಇಂತಹ ಮಕ್ಕಳಿಗಾಗಿ ಒಂದು ಏರ್ಪಾಡು ನಡೆದಿದೆಯೆಂದು ಓದಿ ತಿಳಿದ ಪೌಲೀನೆಯು ಡೆಟ್‌ಮೋಲ್ಡಿನಲ್ಲಿ ಶಿಶುರಕ್ಷಣಾಲಯವೊಂದನ್ನು ತೆರೆದಳು. ಮೊಲೆಬಿಟ್ಟ ಕೂಸುಗಳಿಂದ ನಾಲ್ಕೈದು ವರ್ಷದವರವರೆಗೆ ಅಲ್ಲಿ ಸೇರಿಸಿಕೊಳ್ಳುತ್ತಿದ್ದರು. ತಾಯಿಯು ಮುಂಜಾನೆ ತಂದು ಒಪ್ಪಿಸಿದ ಮಗುವಿಗೆ ಮೈತೊಳೆದು, ಮಡಿಬಟ್ಟೆ ತೊಡಿಸಿ, ಊಟವಿಕ್ಕಿ, ಆಟವಾಡಿಸಿ ಸಾಯಂಕಾಲ ಹಿಂದಿರುಗಿಸುವರು. ಅನಾಥಾಲಯದ ಮತ್ತು ಕಸಬುಶಾಲೆಯ ದೊಡ್ಡ ಹುಡುಗಿಯರು ಇವರನ್ನು ಎತ್ತಿ ಆಡಿಸುತ್ತಾ ಶಿಶುಪೋಷಣೆಯನ್ನು ತಾವೂ ಕಲಿಯುತ್ತಿದ್ದರು. ಪಟ್ಟಣದ ಕುಲೀನ ಸ್ತ್ರೀಯರು ಸಂಬಳವಿಲ್ಲದೆ ಸರದಿಯಂತೆ ಮೇಲ್ವಿಚಾರಣೆ ನಡೆಸುತ್ತಿದ್ದರು. ಫ್ರೋಬೆಲ್ ಪಂಡಿತನು ತನ್ನ ಬಾಲವಾಡಿಗೆ ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟುದು 1840ರಲ್ಲಿ. ಪೌಲೀನೆಯ ಶಿಶುಶಾಲೆಯು ಅದಕ್ಕಿಂತ ಮೂವತ್ತೆಂಟು ವರ್ಷ ಹಿರಿಯದು. ಇದರೊಡನೆ ಅನಾಥಾಲಯ, ಕಸಬುಶಾಲೆ, ಉಪಾಧ್ಯಾಯರ ತರಬೇತಿ ಶಾಲೆ, ಆಸ್ಪತ್ರೆ, ನಿರುದ್ಯೋಗಿಗಳ ದುಡಿಮೆಯ ಮನೆ ಇವೆಲ್ಲವನ್ನೂ ಒಂದೇ ಆಡಳಿತದಡಿಯಲ್ಲಿ ತಂದಳು.

ಅಷ್ಟರಲ್ಲಿ ಯುದ್ಧವು ಬಾಗಿಲಿಗೆ ಬಂದಿತು. 1806ರಲ್ಲಿ ಪ್ರಷ್ಯದಂತಹ ಪ್ರಬಲ ರಾಜ್ಯವೇ ನೆಪೋಲಿಯನನಿಗೆ ಸೋತಿತು. ಮರುವರ್ಷ ನೆರೆಯ ಹೆಸ್ಸೆ-ಕಾಸೆಲ್, ಬ್ರೌನ್‌ಷ್ವೈಗ್ ಸಂಸ್ಥಾನಗಳು ಅಳಿದು, ಚಕ್ರವರ್ತಿಯ ತಮ್ಮನಾದ ಜೆರೋಮನಿಗಾಗಿ ಕಟ್ಟಿದ ವೆಸ್ಟ್‌ಫಾಲಿಯ ರಾಜ್ಯದಲ್ಲಿ ಲೀನವಾದವು. ಲಿಪ್ಪೆಗೂ ಅದೇ ಗತಿಯಾಗುವುದೆಂದು ಕಂಡ ಪೌಲೀನೆಯು 1807ರ ಏಪ್ರಿಲಿನಲ್ಲಿ, ನೆಪೋಲಿಯನನ ಆಶ್ರಯದಲ್ಲಿದ್ದ ರೈನ್ ಒಕ್ಕೂಟಕ್ಕೆ ಸಂಸ್ಥಾನವನ್ನು ಸೇರಿಸಿದಳು. ಅದೇ ವರ್ಷ ಸ್ವತಃ ಪ್ಯಾರಿಸಿಗೆ ಹೋಗಿ ಚಕ್ರವರ್ತಿಯನ್ನು ಕಂಡಳು. ಆತನಲ್ಲಿ ಆಕೆಗೆ ಭಯ ಮಾತ್ರವಲ್ಲ, ನಿಜವಾದ ಮೆಚ್ಚುಗೆಯೂ ಇತ್ತು.

ಈ ರಕ್ಷಣೆಗೆ ಕೊಡಬೇಕಾದ ಬೆಲೆ ಸಣ್ಣದಲ್ಲ. ಒಪ್ಪಂದದಂತೆ ಸಂಸ್ಥಾನವು ಚಕ್ರವರ್ತಿಯ ಯುದ್ಧಗಳಿಗೆ ಸೈನಿಕರನ್ನು ಒದಗಿಸಬೇಕಾಯಿತು. ಲಿಪ್ಪೆಯ ರೈತರ ಮಕ್ಕಳು ತಮಗೆ ಸಂಬಂಧವೇ ಇಲ್ಲದ ಸ್ಪೇನಿನಲ್ಲಿಯೂ 1812ರಲ್ಲಿ ರಷ್ಯದ ಹಿಮದಲ್ಲಿಯೂ ಪ್ರಾಣಬಿಟ್ಟರು. ಸೈನ್ಯದಿಂದ ಓಡಿಹೋದವರೂ ಅನೇಕರು. ತಾಯಂದಿರ ಕೂಸುಗಳಿಗೆ ಆಶ್ರಯಕೊಟ್ಟ ಕೈಯೇ ತಾಯಂದಿರ ಪ್ರಾಯದ ಮಕ್ಕಳನ್ನು ರಣರಂಗಕ್ಕೆ ಕಳುಹಿಸಿತೆಂಬುದನ್ನು ನಾವು ಮರೆಮಾಡಲಾಗದು. ಸಂಸ್ಥಾನವು ಉಳಿಯಿತು, ಮಕ್ಕಳನ್ನು ಕಳೆದುಕೊಂಡ ಮನೆಗಳ ಲೆಕ್ಕವೂ ಅದೇ ಪುಟದಲ್ಲಿದೆ.

ಅದೇ ಕಾಲದಲ್ಲಿ ಆಕೆಯು ರೈತರ ಸಂಕೋಲೆಯನ್ನೂ ಕಡಿದಳು. ಒಕ್ಕಲಿನವನು ಸತ್ತರೆ ಅವನ ಸೊತ್ತಿನಲ್ಲಿ ಒಂದು ಪಾಲು ಒಡೆಯನಿಗೆ ಸಲ್ಲಬೇಕೆಂಬಂತಹ ಜೀತದ ಕಟ್ಟುಗಳು ಆ ನಾಡಿನಲ್ಲಿದ್ದವು. 1808ರ ಡಿಸೆಂಬರ್ 27ರ ಆಜ್ಞೆಯಿಂದ, ಪ್ರಮುಖರ ಸಮ್ಮತಿಗೆ ಕಾಯದೆ, ಆಕೆಯು ಜೀತಪದ್ಧತಿಯನ್ನು ರದ್ದುಮಾಡಿದಳು.

1813ರಲ್ಲಿ ಲೈಪ್‌ಜಿಗ್ ಯುದ್ಧದಲ್ಲಿ ನೆಪೋಲಿಯನನು ಸೋತ ಬಳಿಕ ಲಿಪ್ಪೆಯು ಶತ್ರುದೇಶವೆಂದು ಎಣಿಸಲ್ಪಟ್ಟು, ಪ್ರಷ್ಯದ ಸೈನಿಕರು ಒಳನುಗ್ಗಿದರು. ಆಗ ಪೌಲೀನೆಯು ಒಕ್ಕೂಟವನ್ನು ಬಿಟ್ಟು ಮಿತ್ರರಾಜ್ಯಗಳೊಡನೆ ಸಂಧಿ ಮಾಡಿಕೊಂಡಳು. 1815ರಲ್ಲಿ ವಿಯೆನ್ನ ಸಮ್ಮೇಳನದ ಬಳಿಕವೂ ಲಿಪ್ಪೆಯು ಸ್ವತಂತ್ರವಾಗಿಯೇ ಉಳಿಯಿತು.

ಕೊನೆಯ ವರ್ಷಗಳಲ್ಲಿಯೂ ಆಕೆಗೆ ವಿಶ್ರಾಂತಿಯಿಲ್ಲ. 1818ರಲ್ಲಿ, ಸಾಲದಲ್ಲಿ ಮುಳುಗಿದ್ದ ಲೆಮ್ಗೊ ಪಟ್ಟಣದವರ ಪ್ರಾರ್ಥನೆಯಂತೆ ಆ ಪಟ್ಟಣದ ಅಧ್ಯಕ್ಷತೆಯನ್ನೂ ವಹಿಸಿಕೊಂಡಳು. 1819ರಲ್ಲಿ ಪ್ರಜೆಗಳಿಗೆ ಪ್ರತಿನಿಧಿಸಭೆಯನ್ನು ಕೊಡುವ ರಾಜ್ಯಾಂಗವನ್ನು ಹೊರಡಿಸಿದಳು. ಪ್ರಮುಖರು ಜರ್ಮನ್ ಒಕ್ಕೂಟದ ಮಹಾಸಭೆಗೆ ದೂರಿತ್ತು ಅದನ್ನು ತಡೆಯಿಸಿದರು. ರಾಜ್ಯಾಂಗವು ಲಿಪ್ಪೆಗೆ ದೊರೆತುದು 1836ರಲ್ಲಿ. 1820ರ ಜುಲೈ 3ರಂದು ಮಗ ಎರಡನೆಯ ಲೆಯೋಪೋಲ್ಡನಿಗೆ ರಾಜ್ಯಭಾರವನ್ನೊಪ್ಪಿಸಿ, ಲೆಮ್ಗೊದಲ್ಲಿ ನೆಲೆಸಬೇಕೆಂದಿದ್ದಳು, ಅದು ಕೈಗೂಡಲಿಲ್ಲ. ಡಿಸೆಂಬರ್ 29ರಂದು ಐವತ್ತೊಂದರ ಪ್ರಾಯದಲ್ಲಿ ಡೆಟ್‌ಮೋಲ್ಡಿನಲ್ಲಿ ಕಾಲವಾದಳು.

ಲಿಪ್ಪೆಯ ಅರಸೊತ್ತಿಗೆಯು 1918ರಲ್ಲಿ ಕೊನೆಗೊಂಡಿತು. 1947ರಲ್ಲಿ ಆ ನಾಡು ದೊಡ್ಡ ಪ್ರಾಂತವೊಂದರಲ್ಲಿ ಸೇರಿಹೋಯಿತು. ಆಕೆಯು ಅಷ್ಟು ಕಷ್ಟದಿಂದ ಕಾಪಾಡಿದ ಗಡಿಗಳು ಇಂದಿಲ್ಲ. ಆಕೆಯ ಹೆಸರನ್ನು ಹೊತ್ತ ಧರ್ಮಸಂಸ್ಥೆಯಾದರೋ ಡೆಟ್‌ಮೋಲ್ಡಿನಲ್ಲಿ ಇಂದಿಗೂ ಶಿಶುಶಾಲೆಗಳನ್ನು ನಡೆಸುತ್ತಿದೆ. ಮಗನಿಗೆ ಕಲಿಸುವುದನ್ನೇ ಮಗಳಿಗೂ ಕಲಿಸಿದ ಒಬ್ಬ ತಂದೆಯಿಂದ ಇದೆಲ್ಲಕ್ಕೂ ಆರಂಭವಾಯಿತೆಂಬುದನ್ನು ನಮ್ಮ ಪಾಲಕರು ಮನಸ್ಸಿನಲ್ಲಿಡಲಿ. ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸುವಾಗ ನೀವೂ ಇದನ್ನು ನೆನೆಯಿರಿ.