ಗಂಜಾಮಿನ ದೊಡ್ಡಸ್ವಾಮಿಗಳು

ಕಾವೇರಿಯ ಎರಡು ಕವಲುಗಳ ನಡುವಣ ಶ್ರೀರಂಗಪಟ್ಟಣ ದ್ವೀಪದಲ್ಲಿ, ಕೋಟೆಯ ಪಾಳುಗೋಡೆಗಳನ್ನು ದಾಟಿ ಪೂರ್ವಕ್ಕೆ ನಡೆದರೆ ಗಂಜಾಮ್ ಸಿಗುತ್ತದೆ. ಅಲ್ಲಿ 1800ರ ಸುಮಾರಿಗೆ ಪುಟ್ಟ ದೇವಾಲಯವೊಂದನ್ನು ಕಟ್ಟಿಸಿದವರು ವಂದನೀಯ ಅಬ್ಬೆ ದುಬ್ವಾ ಸ್ವಾಮಿಗಳು. ಜನರ ಬಾಯಲ್ಲಿ ಅವರು ದೊಡ್ಡಸ್ವಾಮಿಯವರು.

ಫ್ರಾನ್ಸಿನ ಸೇಂಟ್ ರೆಮೆಜ್ ಗ್ರಾಮದಲ್ಲಿ 1766ರ ಜನವರಿ 10ರಂದು ಜ್ಞಾನಸ್ನಾನ ಹೊಂದಿದ ಇವರು, ಮಹಾಕ್ರಾಂತಿಯ ಬಿರುಗಾಳಿಯ ನಡುವೆ 1792ರಲ್ಲಿ ಗುರುಪಟ್ಟ ಪಡೆದು ಅದೇ ವರ್ಷ ಭಾರತಕ್ಕೆ ಹಡಗೇರಿದರು. ಮೊದಲ ವರ್ಷಗಳು ಪುದುಚೇರಿಯ ಮಿಷನ್ನಿನಲ್ಲಿ ಕಳೆದವು.

1799ರಲ್ಲಿ ಟಿಪ್ಪುಸುಲ್ತಾನನ ರಾಜಧಾನಿ ಬಿದ್ದಾಗ ಮೈಸೂರು ಸೀಮೆಯ ಕ್ರೈಸ್ತ ಸಮುದಾಯ ಚದುರಿಹೋಗಿತ್ತು. ಬಲವಂತಕ್ಕೆ ಸಿಕ್ಕಿ ಧರ್ಮ ತೊರೆದಿದ್ದವರನ್ನು ಮರಳಿ ಕೂಡಿಸುವ ಹೊಣೆ ದುಬ್ವಾ ಅವರದಾಯಿತು. ಕೇವಲ ಉಪದೇಶದಿಂದ ಹೊಟ್ಟೆ ತುಂಬದೆಂಬುದನ್ನು ಅವರು ಬಲ್ಲವರಾಗಿದ್ದರು. ಬಡ ಕುಟುಂಬಗಳು ಉತ್ತು ಬಿತ್ತಿ ಬಾಳಲೆಂದು ಹಾಸನದ ಬಳಿಯ ಸಾತಹಳ್ಳಿಯಲ್ಲಿ ಬೇಸಾಯದ ನೆಲೆಯನ್ನೇ ಏರ್ಪಡಿಸಿದರು. (ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಪಾಳು ದೇವಾಲಯವನ್ನೂ ಇವರ ಹೆಸರಿಗೆ ಹಚ್ಚುವವರುಂಟು, ಅದು 1860ರ ದಶಕದ್ದು, ಇವರ ಕಾಲಾನಂತರದ್ದು.) ಸಿಡುಬು ಮನೆಮನೆಯನ್ನು ಬರಿದು ಮಾಡುತ್ತಿದ್ದ ಆ ದಿನಗಳಲ್ಲಿ ದೇವಿ ಹಾಕಿಸುವ ಕಾರ್ಯಕ್ಕೂ ಕೈಹಚ್ಚಿದರು. 1803-04ರಲ್ಲಿ 25,432 ಮಂದಿಗೆ ದೇವಿ ಹಾಕಿಸಿದ ಲೆಕ್ಕ ದಾಖಲೆಯಲ್ಲಿದೆ.

ನಾಡಿನ ಉಡುಗೆಯನ್ನೇ ಉಟ್ಟು, ಯುರೋಪಿಯನ್ನರ ಸಹವಾಸ ತೊರೆದು ಅವರು ಜನರೊಡನೆ ಬಾಳಿದರು. ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಕಂಪನಿ ಸರ್ಕಾರ ಎರಡು ಸಾವಿರ ವರಹಗಳಿಗೆ ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಅದರ ಬಹುಭಾಗ ಹಿಂದಿನ ಜೆಸ್ವಿತ್ ಗುರು ಕೂರ್ದು ಅವರ ಬರಹದಿಂದ ಬಂದುದೆಂದು ಸಿಲ್ವಿಯಾ ಮ್ಯೂರ್ ಅವರು 1987ರಲ್ಲಿ ತೋರಿಸಿಕೊಟ್ಟರು. ಗ್ರಂಥಕರ್ತನ ಕೀರ್ತಿಗೆ ಇದರಿಂದ ಕುಂದು ಬಂದಿತೇ ಹೊರತು ಸಾತಹಳ್ಳಿಯ ಗುರುವಿಗೆ ಬರಲಿಲ್ಲ.

ಮನಸ್ಸನ್ನು ಕಲಕುವ ಸಂಗತಿ ಬೇರೊಂದಿದೆ. ಮೂವತ್ತು ವರ್ಷಗಳ ದುಡಿಮೆಯ ಕೊನೆಗೆ ಅವರಿಗೆ ನಿರಾಶೆ ಕವಿಯಿತು. ಈ ದೇಶದ ಹಿಂದೂಗಳನ್ನು ಕ್ರೈಸ್ತಧರ್ಮಕ್ಕೆ ತರುವುದು ಅಸಾಧ್ಯವೆಂದು 1823ರಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ ಮುಚ್ಚುಮರೆಯಿಲ್ಲದೆ ವಾದಿಸಿದರು. ಜೊತೆಯ ಮಿಷನರಿಗಳಿಗೆ ಇದು ಕಹಿಯಾಯಿತು. ಮರಳಿ ಕೂಡಿಸಿದ ಮಂದೆಯನ್ನು ಅವರು ತಮ್ಮ ಲೆಕ್ಕಕ್ಕೆ ಹಿಡಿಯಲಿಲ್ಲವೆಂದು ತೋರುತ್ತದೆ. ನಾವಾದರೋ ಅದನ್ನೇ ಮೊದಲು ಲೆಕ್ಕಕ್ಕೆ ಹಿಡಿಯುತ್ತೇವೆ.

1823ರ ಜನವರಿಯಲ್ಲಿ ಕಂಪನಿಯ ವಿಶ್ರಾಂತಿವೇತನದೊಡನೆ ಭಾರತವನ್ನು ಬಿಟ್ಟು ಪ್ಯಾರಿಸ್ ಸೇರಿದರು. 1836ರಿಂದ 1839ರವರೆಗೆ ತಮ್ಮನ್ನು ಕಳುಹಿಸಿದ್ದ ವಿದೇಶೀ ಮಿಷನ್ ಸಂಸ್ಥೆಗೇ ಶ್ರೇಷ್ಠರಾಗಿದ್ದು, 1848ರ ಫೆಬ್ರವರಿ 17ರಂದು ಅಲ್ಲಿಯೇ ದೈವಾಧೀನರಾದರು. ಕಾವೇರಿಯ ದ್ವೀಪಕ್ಕೆ ಅವರು ಮತ್ತೆ ಬರಲಿಲ್ಲ.